ಕೊನೆಯ ರೀಲಿನ ಮುಖ

ಮಧ್ಯಂತರ ಮುಗಿದರೂ ನಿಟ್ಟೂರಿನ ಸಮುದಾಯ ಭವನದಲ್ಲಿ ದೀಪ ಆರಲಿಲ್ಲ. ಪ್ರೊಜೆಕ್ಟರ್ ಬಳಿಯಿಂದ ಆಪರೇಟರ್ ತಿಮ್ಮರಾಜು ಕೂಗಿದ: “ಕೊನೇ ರೀಲು ಕಾಣ್ತಿಲ್ಲ ಸಾ! ಡಬ್ಬಿ ಸಮೇತ ಇಲ್ಲ!”

ಸಭಿಕರೆಲ್ಲ ‘ಮೂರನೇ ಚಂದ್ರ’ ಎಂಬ ಹಳೆಯ ವೈಜ್ಞಾನಿಕ ಸಿನಿಮಾದ ಹುಚ್ಚು ಹತ್ತಿಸಿಕೊಂಡವರು. ತುಮಕೂರು, ಕುಣಿಗಲ್ ಕಡೆಯಿಂದಲೂ ಬಂದಿದ್ದರು. ಚಿತ್ರದ ಚಂದ್ರವಾಸಿಯಂತೆ ಎಲ್ಲರಿಗೂ ಬೆಳ್ಳಿ ಕಾಗದದ ನಿಲುವಂಗಿ, ಮುಖ ಮುಚ್ಚುವ ಟೊಪ್ಪಿಗೆ. ವಿರಾಮದಲ್ಲಿ ಯಾರು ಎದ್ದು ಎಲ್ಲಿಗೆ ಹೋದರೆಂದು ಹೇಳಬಲ್ಲವರೇ ಇರಲಿಲ್ಲ.

ವಾಣಿಶ್ರೀ ಅತ್ತೆಯ ಕಡೆ ನೋಡಿದಳು. ನರಸಿಂಹಮ್ಮ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಊರಲ್ಲಿ ಏನು ಕಳೆದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಸ್ಕೂಟರ್ ಓಡಿಸುವುದು, ಕಂಡದ್ದನ್ನೆಲ್ಲ ಬಿಡದೆ ವರದಿ ಮಾಡುವುದು ಸೊಸೆಯ ಪಾಲು.

“ಏನ್ಲಾ ತಿಮ್ಮ, ಯಾರಿಗೆ ಮಾರ್ದೆ?” ಆಯೋಜಕ ಕೃಷ್ಣಕುಮಾರ್ ಅವನ ಕೊರಳಪಟ್ಟಿಗೆ ಕೈ ಹಾಕಿದ. “ಕ್ಯಾಸೆಟ್ಟಲ್ಲೂ ಟಿ.ವಿ.ಲೂ ಯಾರೂ ನೋಡಿರದ ಕೊನೇ ರೀಲು ನಮ್ಹತ್ರ ಇದೆ ಅಂತ ಬೆಳಿಗ್ಗೆ ಮೈಕಲ್ಲಿ ಹೇಳಿದ್ದೇ ತಪ್ಪಾಯ್ತು. ಪೊಲೀಸ್ರಿಗೆ ಕೊಡ್ತೀನಿ ನಿನ್ನ!”

“ಹಿಂದ್ಗಡೆ ಅಡಿಗೆಮನೇಗೆ ಟೀ ಕುಡಿಯಕ್ಕೆ ಹೋಗಿದ್ದೆ ಸಾ, ಅಷ್ಟೆ.”

ಮುಂದಿನ ಸಾಲಿನಲ್ಲಿ ವೇಷವಿಲ್ಲದೆ ಬರಿಯ ಸೀರೆಯಲ್ಲಿ ಕೂತಿದ್ದ ಸಿದ್ದಗಂಗಮ್ಮ ಎದ್ದರು. ಚೇಳೂರಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದ ವಿಧವೆ. “ನರಸಿಂಹಮ್ಮೋರೇ, ಆ ರೀಲಲ್ಲಿ ನಮ್ಮೋರು ಇದಾರೆ. ಅವರದೊಂದು ನೆಟ್ಟಗಿನ ಫೋಟೋನೂ ನನ್ಹತ್ರ ಇಲ್ಲ. ಹುಡುಕಿಕೊಡಿ.”

ನರಸಿಂಹಮ್ಮ ಗೇಟು ಹಾಕಿಸಿದರು; ವಿರಾಮದಲ್ಲಿ ಯಾರೂ ಆಚೆ ಹೋಗಿಲ್ಲವೆಂದು ಗೇಟಿನವನು ಹೇಳಿದ. ಕುರ್ಚಿಗಳ ಅಡಿ, ಚೀಲ, ನಿಲುವಂಗಿಗಳ ಮಡಿಕೆ, ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಹೊರಗೆ ಹುಡುಕಿ ಬಂದ ವಾಣಿಶ್ರೀ ಪಿಸುಗುಟ್ಟಿದಳು: “ಜಗಲೀಲಿ ಮಕ್ಕಳು ಸೇಬು ತಿಂತಾ ಕೂತವೆ ಅತ್ತೆ. ಚಂದ್ರವಾಸಿ ತಾತ ಬುಟ್ಟಿ ಬಿಚ್ಚಿ ಹಂಚಿಬಿಟ್ರಂತೆ. ದೊಡ್ಡ ಮನಸ್ಸು.”

ತಾತ ಎಂದರೆ ಮುಖ್ಯ ಅತಿಥಿ ಲಕ್ಷ್ಮೀನರಸಿಂಹಯ್ಯ. ಚಂದ್ರವಾಸಿಯ ಪಾತ್ರ ಮಾಡಿದವರೆಂದು ಬೆಳಿಗ್ಗೆ ಅವರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದರು.

“ಬಿ.ಪಿ. ಜಾಸ್ತಿ ಆಗ್ತಿದೆ, ಹೊರಡ್ತೀನಪ್ಪ,” ಎಂದು ಅವರೇ ಎದ್ದುಬಂದರು. ಅವರ ಬುಟ್ಟಿಯ ಮೇಲೆ ಶಾಲು ಹೊದಿಸಿತ್ತು; ಕೃಷ್ಣಕುಮಾರ್ ಅದನ್ನು ಎರಡೂ ಕೈಯಲ್ಲೆತ್ತಿ, ಉಸಿರು ಬಿಟ್ಟು, ಸೊಂಟಕ್ಕಾನಿಸಿಕೊಂಡ.

“ಒಂದ್ನಿಮಿಷ,” ಎಂದರು ನರಸಿಂಹಮ್ಮ. “ಎಲ್ರೂ ಟೊಪ್ಪಿಗೆ ತೆಗ್ದು ಹತ್ರ ಬನ್ನಿ. ತಿಮ್ಮ, ನೀನೂ ಬಾರೋ.”

ಜನ ಸುತ್ತ ನೆರೆದರು.

“ಡಬ್ಬಿ ದೊಡ್ಡದು, ಜೇಬಲ್ಲಿ ಹೋಗಲ್ಲ. ಗೇಟಿನಾಚೆ ಯಾರೂ ಹೋಗಿಲ್ಲ. ಅಂದ್ಮೇಲೆ ನಾವು ನೋಡದೇ ಇರೋ ಜಾಗದಲ್ಲೇ ಇರಬೇಕು. ನಮ್ಮ ಕಡೆ ಸನ್ಮಾನದ ಬುಟ್ಟೀನ ಯಾರು ತಡಕ್ತಾರೆ? ಅದನ್ನ ಮನೆಗೆ ಹೋಗೋವರೆಗೂ ಬಿಚ್ಚೋದೂ ಇಲ್ಲ. ಇವರು ಇಲ್ಲೇ ಬಿಚ್ಚಿದ್ರು. ಹಣ್ಣೆಲ್ಲ ಮಕ್ಕಳಿಗೆ ಹೋಯ್ತು.” ಕೃಷ್ಣಕುಮಾರನ ಕಡೆ ತಿರುಗಿದರು. “ಖಾಲಿ ಬುಟ್ಟಿ ಯಾಕಪ್ಪ ಅಷ್ಟು ಭಾರ?”

ವಾಣಿಶ್ರೀ ಶಾಲು ಸರಿಸಿದಳು. ತಗಡಿನ ಡಬ್ಬಿ ಹೊಳೆಯಿತು.

“ಆದ್ರೆ ಯಾಕೆ?” ಕೃಷ್ಣಕುಮಾರ್ ಬುಟ್ಟಿ ಕೆಳಗಿಟ್ಟ. “ಇವರದೇ ಸಿನಿಮಾ!”

“ಸಿದ್ದಗಂಗಮ್ಮ, ನಿಮ್ಮೋರದು ಯಾವ ಪಾತ್ರ?”

“ಚಂದ್ರವಾಸಿ. ಕೊನೇಲಿ ಟೊಪ್ಪಿಗೆ ತೆಗ್ದು ಮುಖ ತೋರಿಸ್ತಾರಂತೆ. ಊರಲ್ಲಿ ಹೇಳಿದ್ರೆ ನಗೋರು. ನಾನೇ ಹೇಳೋದು ಬಿಟ್ಟೆ.”

“ಆ ರೀಲು ಉಳಿದಿದೆ ಅಂತ ಇವರಿಗೆ ಗೊತ್ತಾಗಿದ್ದು ಬೆಳಿಗ್ಗೆ, ಮೈಕಲ್ಲಿ,” ಎಂದರು ನರಸಿಂಹಮ್ಮ. “ತಿಮ್ಮ ಟೀಗೆ ಹೋದ. ಎಲ್ರ ಮೇಲೂ ಒಂದೇ ವೇಷ. ಅಷ್ಟು ಸಾಕಾಯ್ತು.”

ಲಕ್ಷ್ಮೀನರಸಿಂಹಯ್ಯ ಕುರ್ಚಿಗೆ ಕುಸಿದರು. “ಉಡುಪು ಹೊಲಿದೋನು ನಾನು. ಯಾರೋ ಚಂದ್ರವಾಸಿ ನೀವೇನಾ ಅಂತ ಕೇಳಿದ್ರು. ಹೂಂ ಅಂದೆ. ಆಮೇಲೆ ಅಲ್ಲ ಅನ್ನಕ್ಕೆ ಆಗ್ಲಿಲ್ಲ.”

ವಾಣಿಶ್ರೀ ಡಬ್ಬಿಯನ್ನು ತಿಮ್ಮರಾಜುವಿನ ಕೈಗೆ ಕೊಟ್ಟಳು. ಕೃಷ್ಣಕುಮಾರ್ ತಿಮ್ಮರಾಜುವಿನ ಮುಖ ನೋಡಲಾರದೆ ದೀಪ ಆರಿಸಲು ಹೋದ.

ಪರದೆಯ ಮೇಲೆ ಚಂದ್ರವಾಸಿ ಟೊಪ್ಪಿಗೆ ತೆಗೆದ. ಬೆವರಿಗೆ ಅಂಟಿದ ಕೂದಲು, ಆಗಷ್ಟೇ ಚಿಗುರಿದ ಮೀಸೆ.

ಸಿದ್ದಗಂಗಮ್ಮ ಅರ್ಧ ಎದ್ದು ನಿಂತರು.

“ಅಯ್ಯೋ,” ಎಂದರು, “ನನ್ನ ಮಗನಿಗಿಂತ ಚಿಕ್ಕೋರು.”