ಹಳೆಯ ಕನ್ನಡಕದಲ್ಲಿ ನಕ್ಕವನು

ಹದಿನೈದನೇ ತಾರೀಖು ಬುಧವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಹೆಂಗಸೊಬ್ಬಳು ಠಾಣೆಗೆ ಬಂದು, ದೂರು ಕೊಡಬೇಕು ಎಂದಳು. ಸಮಯ ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್. ಚಹಾ ಬಂದ ಹೊತ್ತು, ಕರೆಂಟು ಹೋದ ಹೊತ್ತು, ಎಲ್ಲವನ್ನೂ ಬರೆದಿಡುವ ಅವನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಹೆಂಗಸು ಕನ್ನಡಕದಂಗಡಿಯಲ್ಲಿ ಮಸೂರ ಕೂರಿಸುವ ಕೆಲಸದವಳು, ವಯಸ್ಸು ಮೂವತ್ತಾರು. ಕೂತ ಕೂಡಲೇ ಚೀಲದಿಂದ ಕನ್ನಡಕದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಅವಳ ತಮ್ಮ ಹನ್ನೊಂದನೇ ತಾರೀಖು ಶನಿವಾರ ಸತ್ತಿದ್ದ. ಅದರ ಕಡತ ಠಾಣೆಯಲ್ಲಿ ಆಗಲೇ ಇತ್ತು. ಅಸಹಜ ಸಾವು, ಸಕ್ಕರೆ ಕಾಯಿಲೆಯವನು, ಅನುಮಾನವಿಲ್ಲ. ಒಟ್ಟು ಎರಡು ಸಾಲು. ಬರೆದವರು ಮೂರನೆಯದಕ್ಕೆ ಕಷ್ಟಪಟ್ಟಿರಲಿಲ್ಲ.

"ಅನುಮಾನ ಏನಮ್ಮ?" ಎಂದು ಗಡಿಯಾರ ಕೇಳಿದ.

"ಶನಿವಾರದ ವಿಡಿಯೋದಲ್ಲಿ ಅವನು ಹಾಕ್ಕೊಂಡಿರೋದು ಈ ಕನ್ನಡಕ. ಇದು ಎರಡನೇ ತಾರೀಖಿಂದ ನನ್ನ ಡ್ರಾಯರ್‌ನಲ್ಲಿದೆ."

ಗಡಿಯಾರ ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರನ್ನು ಕರೆಯಲು ಎದ್ದ.

ಇನ್ಸ್‌ಪೆಕ್ಟರ್ ಐವತ್ತು ದಾಟಿದ ಹೆಂಗಸು. ಕಳ್ಳರ ಮೇಲೆ ಆಕೆಗೆ ಅಷ್ಟೇನೂ ಸಿಟ್ಟಿರಲಿಲ್ಲ. ಹುಸಿ ಮಾತಿನವರನ್ನು ಕಂಡರೆ ಮಾತ್ರ ಮೂಗಿನ ತುದಿ ಕೆಂಪಾಗುತ್ತಿತ್ತು. ಸತ್ತವನ ಕಸುಬನ್ನು ಆಕೆಗೆ ಅರ್ಥಮಾಡಿಸಲು ಅಕ್ಕನಿಗೆ ಕಾಲು ಗಂಟೆ ಹಿಡಿಯಿತು. ತಮ್ಮ ತನ್ನ ಮನೆಯ ಕೋಣೆಯಲ್ಲಿ ಕೂತು ವಿಡಿಯೋ ಗೇಮ್ ಆಡುತ್ತಿದ್ದ. ಆಡುವುದು ನೇರಪ್ರಸಾರವಾಗುತ್ತಿತ್ತು. ಸೋಮಾರಿ ದೊರೆ ಎಂಬುದು ಅವನ ಅಡ್ಡಹೆಸರು. ನೋಡುವವರ ಪರದೆಯ ಕೆಳಗೆ ಒಂದು ಹಳದಿ ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಅವನು ಆಡುತ್ತಿರುವ ಆಟವನ್ನೇ ಕೊಳ್ಳಬಹುದು. ಅಂಗಡಿ ನೇರಪ್ರಸಾರದ ಕಂಪನಿಯದು. ಮಾರಾಟದಲ್ಲಿ ಒಂದು ಪಾಲು ಆಡಿ ತೋರಿಸಿದವನಿಗೆ.

"ಒಬ್ಬ ಆಡೋದನ್ನ ಇನ್ನೊಬ್ಬ ಕೂತು ನೋಡ್ತಾನೆ. ಕೆಲಸ ಇಲ್ವಾ ಅವರಿಗೆ?"

"ಶನಿವಾರ ಹನ್ನೊಂದು ಸಾವಿರ ಜನ ಇದ್ರು ಮೇಡಂ."

"ನಾನು ಕೇಳಿದ್ದು ಎಷ್ಟು ಜನ ಅಂತಲ್ಲ."

ಅಕ್ಕ ಅದಕ್ಕೆ ಬೇಸರಪಡಲಿಲ್ಲ. ಅವಳ ಮನಸ್ಸು ಬೇರೆ ಕಡೆ ಇತ್ತು. ಡಬ್ಬಿ ಬಿಚ್ಚಿ ಕನ್ನಡಕವನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದಳು. ಹಳೆಯ ಮಸೂರದಲ್ಲಿ ಬೆಳಕು ಬೆಳ್ಳಗೆ ಹೊಳೆಯಿತು. ಎರಡನೇ ತಾರೀಖು ತಮ್ಮನಿಗೆ ಅವಳೇ ಹೊಸದನ್ನು ಕೂರಿಸಿಕೊಟ್ಟಿದ್ದಳು. ಅದೇ ಅಳತೆ, ಅದೇ ಕಪ್ಪು ಚೌಕಟ್ಟು, ಆದರೆ ಕಣ್ಣು ಕುಕ್ಕದಂತೆ ಲೇಪ ಹಚ್ಚಿದ ಮಸೂರ. ಅದರಲ್ಲಿ ಬೆಳಕು ತಿಳಿಹಸಿರಾಗಿ ಕಾಣುತ್ತದೆ. ಶನಿವಾರದ ವಿಡಿಯೋದಲ್ಲಿ ಮಧ್ಯಾಹ್ನ ಮೂರು ನಲವತ್ತೊಂದರವರೆಗೆ ಹಸಿರು ಹೊಳಪು, ಅಲ್ಲಿಂದ ಆರರವರೆಗೆ ಬಿಳಿ.

"ಮೂರು ನಲವತ್ತೇಳಕ್ಕೆ ನನ್ನ ಫೋನಿಗೆ ಅವನ ಕಾಲ್ ಬಂದಿತ್ತು," ಎಂದಳು. "ಗಿರಾಕಿ ಎದುರಿಗಿದ್ರು. ತೆಗೀಲಿಲ್ಲ. ಐದು ನಿಮಿಷ ಬಿಟ್ಟು ನಾನೇ ಮಾಡಿದೆ, ಅವನು ತೆಗೀಲಿಲ್ಲ. ಮನಸ್ಸು ತಡೀಲಿಲ್ಲ, ಪ್ರಸಾರ ಹಾಕಿ ನೋಡಿದೆ. ನಗ್ತಾ ಇದ್ದ ಮೇಡಂ. ಕೈ ತಪ್ಪಿ ಒತ್ತಿರಬೇಕು ಅಂದ್ಕೊಂಡೆ. ಅಂಗಡಿಯಿಂದ ಅವನ ಮನೆಗೆ ಏಳು ನಿಮಿಷದ ದಾರಿ."

ಗಡಿಯಾರ ಬರೆಯುವುದನ್ನು ನಿಲ್ಲಿಸಿದ.

"ನಾನು ನೋಡಿದಾಗ ನಕ್ಕಿದ್ದು ಅವನೋ ಅಲ್ವೋ, ಅಷ್ಟು ಹೇಳಿ ಸಾಕು," ಎಂದಳು ಅಕ್ಕ.

ಅದೇ ದಿನ ಮಧ್ಯಾಹ್ನ ಒಂದೂ ಕಾಲಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಇನ್ಸ್‌ಪೆಕ್ಟರ್ ಸ್ಥಳ ಪಂಚನಾಮೆಗೆ ಹೋದರು. ಎರಡನೇ ಮಹಡಿಯ ಕೋಣೆ. ಗೋಡೆಗೆಲ್ಲ ಸದ್ದು ಹೀರುವ ಸ್ಪಂಜಿನ ಚೌಕಗಳು. ಕಿಟಕಿಗೆ ಕಪ್ಪು ಪರದೆ. ಹಗಲು ಒಳಗೆ ಬರುವ ದಾರಿಯೇ ಇರಲಿಲ್ಲ, ಹಾಗಾಗಿ ಅಲ್ಲಿ ಚಿತ್ರೀಕರಿಸಿದ ಎಲ್ಲ ದಿನವೂ ಒಂದೇ ದಿನದಂತೆ ಕಾಣುತ್ತಿತ್ತು. ಸಿಂಹಾಸನದಂಥ ಒಂದು ಕುರ್ಚಿ. ಎರಡು ಕ್ಯಾಮೆರಾ: ಒಂದು ಮುಖಕ್ಕೆ, ಇನ್ನೊಂದು ಮೇಲಿನಿಂದ ಕೈಗಳಿಗೆ. ಪರದೆಯ ಮೂಲೆಯಲ್ಲಿ ಕೈಗಳನ್ನೂ ತೋರಿಸಿದರೆ ಜನ ಮೆಚ್ಚುತ್ತಾರಂತೆ. ಮೊಳೆಗೆ ನೇತುಹಾಕಿದ್ದ ಆರು ಕಪ್ಪು ಅಂಗಿಗಳು, ಆರರ ಮೇಲೂ ಹಳದಿ ಕಿರೀಟ. ಮೇಜಿನ ಮೊದಲ ಖಾನೆಯಲ್ಲಿ ಗ್ಲುಕೋಸ್ ಪೊಟ್ಟಣ, ಒಡೆಯದ್ದು. ಅದರ ಮೇಲೆ ಅಕ್ಕನ ಕೈಬರಹ: 'ತಲೆ ಸುತ್ತಿದ ತಕ್ಷಣ. ಆಟ ಆಮೇಲೆ.'

ದೊರೆಯ ಕುರ್ಚಿಯಿಂದ ನಾಲ್ಕು ಹೆಜ್ಜೆ ಹಿಂದೆ ಇನ್ನೊಂದು ಮೇಜು. ಅದು ಮ್ಯಾನೇಜರ್‌ದು. ಸತ್ತವನ ಶಾಲೆಯ ದಿನಗಳ ಗೆಳೆಯ. ಪ್ರಸಾರವನ್ನು ನಡೆಸುವುದು, ಕೆಳಗೆ ಜನ ಬರೆಯುವ ಮಾತುಗಳನ್ನು ಕಾಯುವುದು ಅವನ ಕೆಲಸ. ಕಣ್ಣು ಊದಿಸಿಕೊಂಡಿದ್ದ. ಶನಿವಾರ ಹೊಸ ಆಟವೊಂದರ ಬಿಡುಗಡೆ ಇತ್ತು, ಎರಡರಿಂದ ಆರರವರೆಗೆ ಪ್ರಸಾರ, ಬಿಡುವಿಲ್ಲದೆ ಆಡಿದ, ಮುಗಿಸಿ ಎದ್ದ, ಬಿದ್ದ, ಆರು ನಾಲ್ಕಕ್ಕೆ ತಾನೇ ಆಂಬುಲೆನ್ಸ್ ಕರೆದೆ ಎಂದು ಹೇಳಿಕೆ ಕೊಟ್ಟ. ಹೇಳಿ, ವಿಡಿಯೋ ಇದೆಯಲ್ಲ ಎಂದ. ಆರರವರೆಗೆ ಅವನು ಆಡಿದ್ದಕ್ಕೆ ಹನ್ನೊಂದು ಸಾವಿರ ಸಾಕ್ಷಿ ಇದ್ದಾರೆ ಎಂದೂ ಸೇರಿಸಿದ. ಸಾವಿರ ಅನ್ನುವಾಗ ಅವನ ದನಿ ಕೊಂಚ ಅಗಲವಾಯಿತು.

ಕಂಪ್ಯೂಟರ್, ಇಬ್ಬರ ಫೋನು, ಆರು ಅಂಗಿ, ಗ್ಲುಕೋಸ್ ಪೊಟ್ಟಣ ಜಪ್ತಿಯಾದವು. ಪಂಚರಲ್ಲೊಬ್ಬ ಕೆಳಮನೆಯ ನಿವೃತ್ತ ಪೋಸ್ಟ್‌ಮ್ಯಾನ್. ಸಹಿ ಹಾಕುತ್ತ, ಇಷ್ಟು ವರ್ಷ ಮೇಲೆ ಏನೋ ಆಫೀಸಿದೆ ಅಂದುಕೊಂಡಿದ್ದೆ ಎಂದ.

ಹದಿನಾರನೇ ತಾರೀಖು ಒಂಬತ್ತೂವರೆಗೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದರು. ಶನಿವಾರ ತುರ್ತು ವಿಭಾಗದಲ್ಲಿದ್ದ ವೈದ್ಯ ತನ್ನ ಟಿಪ್ಪಣಿಯನ್ನು ಓದಿ ಹೇಳಿದ. ಶವ ಬಂದದ್ದು ಆರು ಮೂವತ್ತೊಂದಕ್ಕೆ. ಆಗಲೇ ದವಡೆ ಬಿಗಿಯಲು ಶುರುವಾಗಿತ್ತು. ಅರ್ಧ ಗಂಟೆ ಹಿಂದೆ ಆಟವಾಡಿ ಎದ್ದವನ ದವಡೆ ಹಾಗಿರುವುದಿಲ್ಲ. ಸಾವು ಐದರ ಆಸುಪಾಸು. ಪ್ರಜ್ಞೆ ಹೋದದ್ದು ಅದಕ್ಕೂ ಬಹಳ ಮೊದಲು.

"ಇದನ್ನ ಅವತ್ತೇ ಬರೆದಿದ್ರಾ?"

"ಬರೆದಿದ್ದೆ. ನಿಮ್ಮವರು ತಗೊಂಡು ಹೋದ್ರು. ಓದಿದ್ರೋ ಇಲ್ವೋ."

"ಉಳೀತಿದ್ನಾ?"

"ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಬಿದ್ದಾಗಲೇ ಒಂದು ಲೋಟ ಸಕ್ಕರೆ ನೀರು ಕುಡಿಸಿದ್ರೆ ಬೈತಾ ಎದ್ದು ಕೂರ್ತಿದ್ದ."

ಇನ್ಸ್‌ಪೆಕ್ಟರ್ ಠಾಣೆಗೆ ಬಂದು ಆ ಎರಡು ಸಾಲಿನ ಕಡತವನ್ನು ಬರೆದ ಸಬ್‌ಇನ್ಸ್‌ಪೆಕ್ಟರನ್ನು ಕರೆಸಿದರು. ಬಾಗಿಲು ಹಾಕಿತ್ತು. ಹೊರಗೆ ಬಂದಾಗ ಅವನ ಕಿವಿ ಕೆಂಪಾಗಿತ್ತು ಎಂಬುದನ್ನೂ ಗಡಿಯಾರ ಹೊತ್ತು ಹಾಕಿ ಬರೆದುಕೊಂಡ.

ಆಮೇಲೆ ಎಲ್ಲರೂ ವಿಡಿಯೋದ ಮುಂದೆ ಕೂತರು. ಗಡಿಯಾರ ಒಂದು ಕೈಯಲ್ಲಿ ಫೋನ್ ಕಂಪನಿ ಕಳಿಸಿದ ಕರೆಗಳ ಪಟ್ಟಿ ಹಿಡಿದಿದ್ದ. ಮೂರು ನಲವತ್ತೇಳಕ್ಕೆ ಸತ್ತವನ ಫೋನಿನಿಂದ ಅಕ್ಕನಿಗೆ ಕರೆ, ಇಪ್ಪತ್ತೆರಡು ಸೆಕೆಂಡು ಗಂಟೆ ಹೊಡೆದಿದೆ. ಪರದೆಯಲ್ಲಿ ಅದೇ ಮೂರು ನಲವತ್ತೇಳು. ದೊರೆ ಏನೋ ಹೇಳಿ ನಗುತ್ತಿದ್ದ. ಮೂಲೆಯ ಚಿತ್ರದಲ್ಲಿ ಅವನ ಎರಡೂ ಕೈ, ಹತ್ತೂ ಬೆರಳು, ಆಟದ ಗುಂಡಿಗಳ ಮೇಲೆ.

"ಹತ್ತು ಬೆರಳು ಇಲ್ಲಿದ್ರೆ ಫೋನ್ ಮಾಡಿದ ಬೆರಳು ಯಾವುದು?" ಎಂದರು ಇನ್ಸ್‌ಪೆಕ್ಟರ್.

ಹನ್ನೆರಡು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆಯ ಹೊತ್ತಿಗೆ ಜಪ್ತಿಯಾದ ಕಂಪ್ಯೂಟರಿನಲ್ಲಿ ಆ ನಗುವಿನ ಮೂಲ ಸಿಕ್ಕಿತು. ಬಿಡುಗಡೆಗೆ ಮುಂಚೆಯೇ ಆಟದ ಒಂದು ಪ್ರತಿಯನ್ನು ಕಂಪನಿ ಆಡುವವರಿಗೆ ಕಳಿಸುವುದು ವಾಡಿಕೆ. ಕಳೆದ ತಿಂಗಳು ಇಪ್ಪತ್ತನಾಲ್ಕಕ್ಕೆ ದೊರೆ ಅದನ್ನು ಮೂರು ಗಂಟೆ ಆಡಿ ಅಭ್ಯಾಸ ಮಾಡಿದ್ದ, ಮ್ಯಾನೇಜರ್ ಅದನ್ನು ಚಿತ್ರೀಕರಿಸಿಟ್ಟಿದ್ದ. ಅದೇ ಅಂಗಿ, ಅದೇ ಕಪ್ಪು ಪರದೆ, ಹಳೆಯ ಕನ್ನಡಕ.

ಹದಿನೇಳಕ್ಕೆ ನೇರಪ್ರಸಾರದ ಕಂಪನಿಯ ಕಚೇರಿ. ಕುರ್ಚಿಗಳೆಂದರೆ ನೆಲಕ್ಕೆ ಬಿದ್ದ ಮೂಟೆಗಳು. ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಇನ್ಸ್‌ಪೆಕ್ಟರ್ ನಿಂತೇ ಇದ್ದರು. ಗೋಡೆಯ ತುಂಬ 'ನಾವೊಂದು ಕುಟುಂಬ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಂದ ಅಧಿಕಾರಿಗೆ 'ಪಾಲುದಾರರ ಸಂತೋಷ'ದ ಹೊಣೆಯಂತೆ. ಅವನ ಹಲ್ಲುಗಳು ಬಹಳ ಚೆನ್ನಾಗಿದ್ದವು. ಸಾವಿನ ವಿಷಯ ತಿಳಿದು ಕುಟುಂಬಕ್ಕೆ ಆಘಾತವಾಗಿದೆ ಎಂದ. ಯಾವ ಕುಟುಂಬ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಗೋಡೆಯತ್ತ ನೋಡಿದ. ಬಿಡುಗಡೆಯ ಮೊದಲ ನಾಲ್ಕು ಗಂಟೆ ಆಡುವವನಿಗೆ ಎರಡು ಪಟ್ಟು ಪಾಲು, ಆದರೆ ಪ್ರಸಾರ ನಡುವೆ ಒಂದು ಕ್ಷಣ ನಿಂತರೂ ಅದು ರದ್ದು ಎಂಬುದು ಅವರದೇ ನಿಯಮ. ಆ ನಾಲ್ಕು ಗಂಟೆಯಲ್ಲಿ ಕುರ್ಚಿಯಿಂದ ಎದ್ದು ಹೋಗಿ ಏನಾದರೂ ತಿಂದು ಬರಲೂ ಜಾಗವಿರಲಿಲ್ಲ.

"ಮೇಡಂ, ನಾವು ಬರೀ ವೇದಿಕೆ. ಅದರ ಮೇಲೆ ಏನು ನಡೆಯುತ್ತೋ ಅದಕ್ಕೆ ನಾವು ಜವಾಬ್ದಾರರಲ್ಲ."

"ವೇದಿಕೆ ಅಂದ್ರೆ ಹಲಗೆ. ಹಲಗೆ ಪಾಲು ಕೇಳಲ್ಲ."

ಅವನು ನಕ್ಕ. ನಗಬಾರದಿತ್ತೆಂದು ತಿಳಿಯಲು ಅವನಿಗೆ ಎರಡು ಸೆಕೆಂಡು ಬೇಕಾಯಿತು. ಬೇಕಾದ ದಾಖಲೆಗಳನ್ನೆಲ್ಲ ಅರ್ಧ ಗಂಟೆಯಲ್ಲಿ ಕೊಟ್ಟ. ಅದರಲ್ಲಿ ಒಂದು ಪತ್ರವೂ ಇತ್ತು. ಶನಿವಾರ ಸಂಜೆ ಆರು ಐದಕ್ಕೆ ಸತ್ತವನಿಗೆ ಹೋದದ್ದು: 'ಅಭಿನಂದನೆಗಳು ದೊರೆ! ಇಂದು ನೀವು ಎಲ್ಲರಿಗಿಂತ ಜೀವಂತವಾಗಿದ್ದಿರಿ.' ಯಂತ್ರವೇ ಬರೆದು ಕಳಿಸುವುದಂತೆ. ಇನ್ಸ್‌ಪೆಕ್ಟರ್ ಅದನ್ನೂ ಕಡತಕ್ಕೆ ಸೇರಿಸಿದರು.

ಮುಖ್ಯವಾದದ್ದು ಇನ್ನೊಂದು ಕಟ್ಟಿನಲ್ಲಿತ್ತು. ಪ್ರಸಾರದ ಕೆಳಗೆ ಜನ ಬರೆದ ಮಾತುಗಳು ಮತ್ತು ದೊರೆಯ ಹೆಸರಿನಲ್ಲಿ ಹೋದ ಉತ್ತರಗಳು. ಮೂರು ನಲವತ್ತೊಂದರವರೆಗೆ ದೊರೆ ಬಾಯಲ್ಲೇ ಉತ್ತರಿಸಿದ್ದ. ಬರೆದ ಉತ್ತರ ಒಂದೂ ಇಲ್ಲ. ಆಮೇಲಿನ ಎರಡು ಗಂಟೆ ಹತ್ತೊಂಬತ್ತು ನಿಮಿಷದಲ್ಲಿ ಬರೆದ ಉತ್ತರಗಳು ಮುನ್ನೂರ ಹನ್ನೆರಡು. ಗಡಿಯಾರ ಅವಷ್ಟನ್ನೂ ಓದಿದ. ನಾಲ್ಕು ಹತ್ತಕ್ಕೆ ಒಬ್ಬ ಕೇಳಿದ್ದ: 'ಅಣ್ಣ, ಈಗಷ್ಟೇ ಬೇರೆ ಕನ್ನಡಕ ಇತ್ತಲ್ಲ?' ಉತ್ತರ: 'ಅದರಲ್ಲಿ ನಿಮ್ಮ ಮುಖಗಳು ಸ್ಪಷ್ಟ ಕಾಣ್ತಿದ್ವು. ಹೆದರಿ ತೆಗೆದುಬಿಟ್ಟೆ.' ಅದಕ್ಕೆ ಒಂಬೈನೂರ ನಲವತ್ತು ಜನ ನಗುವಿನ ಗುರುತು ಒತ್ತಿದ್ದರು. ಕೇಳಿದವನೂ ಒತ್ತಿದ್ದ. ಹನ್ನೊಂದು ಸಾವಿರ ಜೊತೆ ಕಣ್ಣಿನಲ್ಲಿ ಒಂದು ಜೊತೆಗೆ ಸತ್ಯ ಕಂಡಿತ್ತು, ಒಂದು ಜೋಕಿಗೆ ಅದೂ ಮುಚ್ಚಿಕೊಂಡಿತು.

ಹದಿನೆಂಟನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರನ್ನು ವಿಚಾರಣೆಗೆ ಕೂರಿಸಿದರು. ಇನ್ಸ್‌ಪೆಕ್ಟರ್ ಹಳೆಯ ಕನ್ನಡಕವನ್ನು ಅವನ ಮುಂದಿಟ್ಟರು, ಪಕ್ಕದಲ್ಲಿ ಕರೆಗಳ ಪಟ್ಟಿ. ಅವನು ಹೆಚ್ಚು ಸುತ್ತಾಡಲಿಲ್ಲ. ಆಡುತ್ತ ಆಡುತ್ತ ಗೆಳೆಯ ಬೆವರಿದ, ಮಾತು ತೊದಲಿತು, ಕುರ್ಚಿಯಿಂದ ಜಾರಿದ. ಪರದೆ ಖಾಲಿಯಾಗಬಾರದೆಂದು ಹಳೆಯ ಚಿತ್ರವನ್ನು ಹಚ್ಚಿದೆ, ಅಷ್ಟೇ ಎಂದ. ಹಿಂದೆಯೂ ಎರಡು ಸಲ ಹೀಗೆ ಸುಸ್ತಾಗಿ ತಾನೇ ಎದ್ದಿದ್ದನಂತೆ.

"ಫೋನು?"

"ಜೇಬಿಂದ ತೆಗೆದು ಅಕ್ಕಂಗೆ ಮಾಡಿದ. ಮಾತಾಡೋಕೆ ಆಗ್ತಿರಲಿಲ್ಲ. ಆಮೇಲೆ ಅವರೇ ಮಾಡಿದ್ರು. ಸದ್ದು ಪ್ರಸಾರದಲ್ಲಿ ಬರುತ್ತೆ ಅಂತ ಸೈಲೆಂಟ್ ಮಾಡಿದೆ."

"ಖಾನೇಲಿ ಗ್ಲುಕೋಸ್ ಇದ್ದದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ಹೆಜ್ಜೆ?"

ಅವನು ಮನಸ್ಸಿನಲ್ಲೇ ಅಳೆದ. "ನಾಲ್ಕು."

ಎರಡು ಪಟ್ಟು ಪಾಲಿನ ಆಸೆಯೇ ಕಾರಣವೆಂದು ಗಡಿಯಾರ ಆಗಲೇ ಬರೆದಿದ್ದ. ಇನ್ಸ್‌ಪೆಕ್ಟರಿಗೆ ಅದು ಒಪ್ಪಿಗೆಯಾಗಲಿಲ್ಲ. ಪಾಲು ಹೋಗುತ್ತಿದ್ದದ್ದು ದೊರೆಯ ಖಾತೆಗೆ. ಇವನದು ತಿಂಗಳ ಸಂಬಳ, ಪ್ರಸಾರ ನಿಂತರೂ ಅಷ್ಟೇ, ನಡೆದರೂ ಅಷ್ಟೇ. ದೊರೆಯ ಹೆಸರಿನಲ್ಲಿ ಅವನೇ ಬರೆದ ಮುನ್ನೂರ ಹನ್ನೆರಡು ಉತ್ತರಗಳ ಕಟ್ಟನ್ನು ಆಕೆ ಅವನ ಕಡೆ ತಳ್ಳಿದರು. ಅವನು ಹಾಳೆ ತಿರುವಿದ. ನಾಲ್ಕು ಹತ್ತರ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದಕ್ಕೆ ಒಂಬೈನೂರು ದಾಟಿತ್ತು," ಎಂದ. ತುಟಿಯ ಒಂದು ಬದಿ ಮೇಲೆದ್ದು, ಎದುರಿಗೆ ಯಾರಿದ್ದಾರೆಂದು ನೆನಪಾಗಿ ಇಳಿಯಿತು.

ಹನ್ನೊಂದು ಐವತ್ತೈದಕ್ಕೆ ಬಂಧನ. ಅಜ್ಜಿಯರು ಹೇಳುವ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಗಿಣಿಯ ಗಂಟಲಲ್ಲಿರುತ್ತದೆ. ಕೇಳುವ ಮಕ್ಕಳಿಗೆ ಹೆದರಿಕೆಯ ಜೊತೆ ಒಂದಿಷ್ಟು ಗೌರವವೂ ಹುಟ್ಟುತ್ತದೆ. ಲಾಕಪ್ಪಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದ ಇವನನ್ನು ನೋಡಿ ಯಾರಿಗೂ ಎರಡರಲ್ಲಿ ಒಂದೂ ಹುಟ್ಟಲಿಲ್ಲ.

ಅಕ್ಕನನ್ನು ಮಧ್ಯಾಹ್ನ ಕರೆಸಿದರು. ನೀವು ನೋಡಿದಾಗ ನಕ್ಕದ್ದು ಅವನಲ್ಲ, ಹದಿನೆಂಟು ದಿನ ಹಳೆಯ ನಗು ಎಂದು ಇನ್ಸ್‌ಪೆಕ್ಟರ್ ನೇರವಾಗಿ ಹೇಳಿದರು. ಅವಳು ತಲೆಯಾಡಿಸಿದಳು. "ಹಾಗಾದ್ರೆ ಅವನು ಕೈ ತಪ್ಪಿ ಒತ್ತಿರಲಿಲ್ಲ," ಎಂದಳು.

"ಇಲ್ಲ. ನಿಮ್ಮನ್ನೇ ಕರೆದದ್ದು."

ಅವಳು ಮೇಜಿನ ಮೇಲಿದ್ದ ಹಳೆಯ ಕನ್ನಡಕವನ್ನು ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟು ಗಡಿಯಾರನಿಗೆ ಕೊಟ್ಟಳು. ಕೇಸು ಮುಗಿಯುವವರೆಗೆ ಅದು ಠಾಣೆಯ ಸ್ವತ್ತು. ಮಸೂರ ಕೆಳಮುಖವಾಗಿ ಇಡಬೇಡಿ, ಗೀರು ಬೀಳುತ್ತೆ ಎಂದಷ್ಟೇ ಹೇಳಿ ಹೋದಳು.

ದಿನಚರಿಯಲ್ಲಿ ಕಾರಣ ಎಂಬಲ್ಲಿ ಇದ್ದ 'ಹಣ'ವನ್ನು ಗಡಿಯಾರ ಹೊಡೆದುಹಾಕಿದ. ಬದಲಿಗೆ ತನಿಖೆಯಲ್ಲಿ ಕಂಡದ್ದನ್ನು ಬರೆದ. ಆರೋಪಿಗೂ ಮೂರು ವರ್ಷದಿಂದ ಅದೇ ಕಂಪನಿಯಲ್ಲಿ ಸ್ವಂತ ಪ್ರಸಾರವಿತ್ತು. ಪ್ರತಿ ಭಾನುವಾರ ಆಡುತ್ತಿದ್ದ, ಜೋಕು ಹೇಳುತ್ತಿದ್ದ. ನೋಡುವವರು ನಾಲ್ಕು ಜನ. ಹಳದಿ ಗುಂಡಿಯನ್ನು ಯಾರೂ ಒಂದು ಸಲವೂ ಒತ್ತಿರಲಿಲ್ಲ. ನಾಲ್ವರಲ್ಲಿ ಒಬ್ಬಳು ತಾಯಿ. ವಿಚಾರಿಸಿದಾಗ ಆಕೆ, ಮಗಂಗೆ ಬೇಜಾರಾಗಬಾರದು ಅಂತ ಹಚ್ಚಿಟ್ಟು ಕೆಲಸ ಮಾಡ್ಕೊಳ್ತೀನಿ, ಸದ್ದು ಇಟ್ಟಿರಲ್ಲ ಎಂದಳು.