ಚಪ್ಪಾಳೆ ಬಿದ್ದ ಜಾಗ

"ಈತ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾನೆ?"

ಲೇಖಕಿ ಕೇಳಿದ್ದು ಪ್ರಕಾಶಕರನ್ನು. ಬೆರಳು ತೋರಿಸಿದ್ದು ಮಾತ್ರ ಗಾಜಿನ ಆಚೆ, ಮೈಕಿನ ಮುಂದೆ ಅವಳ ಕಾದಂಬರಿ ಹಿಡಿದು ಕೂತಿದ್ದ ಯುವಕನ ಕಡೆಗೆ.

ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಇದ್ದಳು. ಲೇಖಕಿಯ ಸಹಿ ಬೇಕೆಂದು ಬಂದ ಹೈಸ್ಕೂಲ್ ಹುಡುಗಿಯರಿದ್ದರು. ಒಳಗಿನವರಿಗೆ ಮಾತು ಕೇಳಿಸುವ ಗುಂಡಿ ಒತ್ತಿಯೇ ಇತ್ತು.

ಉತ್ತರ ಸ್ಪೀಕರಿನಿಂದ ಬಂತು. "ಒಂಬತ್ತು, ಮೇಡಂ. ಅದೂ ಪೂರ್ತಿ ಇಲ್ಲ."

"ಹಾಗಾದ್ರೆ ಓದು ಬರೋರ ಕೈಗೆ ಕೊಡಿ ಸಾರ್. ಇದು ಕಾದಂಬರಿ, ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಅಲ್ಲ."

ಹುಡುಗಿಯರಲ್ಲೊಬ್ಬಳು ಕಿಸಕ್ಕನೆ ನಕ್ಕಳು. ಅವನು ತಲೆ ತಗ್ಗಿಸಿ, ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ.

ಆ ಕಾದಂಬರಿ ಯಾರ ಕಥೆ ಗೊತ್ತೇ? ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಟಯರ್ ಅಂಗಡಿ ಸೇರಿದ ಹುಡುಗನದ್ದು! ಅದನ್ನು ಓದಿ ಮಕ್ಕಳು ದಿಂಬು ಒದ್ದೆ ಮಾಡಿಕೊಂಡಿದ್ದರು. ಕಾಗದದ ಮೇಲಿದ್ದರೆ ಅಂಥವನಿಗೆ ಕಣ್ಣೀರು. ಉಸಿರಾಡುತ್ತಾ ಎದುರಿಗೆ ಕೂತರೆ, ಕಾಲಕಸ.

ಅವಳೇನು ಹುಟ್ಟಾ ಕೆಟ್ಟವಳಲ್ಲ. ಹದಿಹರೆಯದವರಿಗಾಗಿ ಬರೆಯುತ್ತೇನೆಂದಾಗ ನೆಂಟರೆಲ್ಲ, ದೊಡ್ಡವರಿಗೆ ಬರೆಯುವುದು ಯಾವಾಗ ಎಂದು ಕಿಚಾಯಿಸಿದ್ದರು. ಹಲ್ಲು ಕಚ್ಚಿ ಬರೆದಳು. ಎರಡನೇ ಪುಸ್ತಕದ ಆಡಿಯೋವನ್ನು ಯಾರೋ ತೂಕಡಿಸುತ್ತಾ ಓದಿ ಹಾಳು ಮಾಡಿದ್ದರು. ಇದೂ ಮುಳುಗಿದರೆ ಮುಂದಿನ ಪುಸ್ತಕ ಬೇಡವೆಂದು ಪ್ರಕಾಶಕರು ಮುಖದ ಮೇಲೇ ಹೇಳಿದ್ದರು.

ಆ ಭಯ ಬಾಯಿಗೆ ಬರುವಾಗ ಸೊಕ್ಕಾಗಿ ಬಂದಿತ್ತು.

ಪ್ರಕಾಶಕರು ಒಪ್ಪಲಿಲ್ಲ. ಅರ್ಧ ಪುಸ್ತಕ ಮುಗಿದಿದೆ, ಮೊದಲು ಕೇಳು, ಆಮೇಲೆ ಚೆನ್ನಾಗಿಲ್ಲವೆಂದು ತೋರಿಸಮ್ಮ ಎಂದರು. ಕತ್ತರಿಸದ ರೆಕಾರ್ಡಿಂಗನ್ನೇ ಕೊಡಿ ಎಂದು ಅವಳು ಹಟ ಹಿಡಿದಳು. ಎಷ್ಟು ತಪ್ಪಿದ್ದಾನೆಂದು ಲೋಕಕ್ಕೆ ಗೊತ್ತಾಗಲಿ!

ಕೊಡುವಾಗ ಅಕ್ಕ ಒಂದು ಮಾತು ಹೇಳಿದಳು. ಓದುವವರು ತಪ್ಪಿದಾಗ ಒಮ್ಮೆ ಚಪ್ಪಾಳೆ ತಟ್ಟಿ ಮತ್ತೆ ಓದುತ್ತಾರೆ. ಆ ಸದ್ದು ಪರದೆಯ ಮೇಲೆ ಎದ್ದು ಕಾಣುತ್ತದೆ, ಅಲ್ಲೇ ಕತ್ತರಿ ಹಾಕುತ್ತೇವೆ.

ಮರುದಿನ ಮಧ್ಯಾಹ್ನ ಲೇಖಕಿ ಕೇಳಲು ಕೂತಳು. ಚಪ್ಪಾಳೆ ಬಿದ್ದಾಗಲೆಲ್ಲ ಒಳಗೊಳಗೇ ಖುಷಿ.

ಪಕ್ಕದ ಕೋಣೆಯಿಂದ ಅಮ್ಮ ಕೇಳಿದಳು. "ಏನೇ, ಕೂತಲ್ಲೇ ಚಪ್ಪಾಳೆ ಗಿಟ್ಟಿಸ್ತಿದ್ದೀಯಾ?"

ಅವಳು ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಹುಡುಗ ಶಾಲೆ ಬಿಡುವ ಅಧ್ಯಾಯ ಬಂತು. 'ಅವನ ಚೀಲವನ್ನು ಅಮ್ಮ ಮಡಚಿ ಅಟ್ಟಕ್ಕೆ ಹಾಕಿದಳು' ಎಂದು ಅವಳು ಬರೆದಿದ್ದಳು. ರೆಕಾರ್ಡಿಂಗಿನಲ್ಲಿ ಕೇಳಿದ್ದು ಬೇರೆ.

"ನನ್ನ ಚೀಲವನ್ನು ಅಮ್ಮ ಮಡಚಿ..."

ಚಪ್ಪಾಳೆ.

"ನನ್ನ ಚೀಲವನ್ನು..."

ಚಪ್ಪಾಳೆ. ನೀರು ಕುಡಿದ ಸದ್ದು. ಕುರ್ಚಿ ಕಿರುಗುಟ್ಟಿತು. ಆಮೇಲೆ ತನ್ನನ್ನು ತಾನೇ ಗದರಿಕೊಂಡ ಪಿಸುದನಿ... "ಅವನದ್ದು ಕಣೋ, ನಿಂದಲ್ಲ."

ಅವಳು ಹಿಂದಕ್ಕೆ ಹೋಗಿ ಅದನ್ನೇ ಮತ್ತೊಮ್ಮೆ ಕೇಳಿದಳು.

ಇನ್ನೂ ಮುಂದಕ್ಕೆ ಕೇಳಿದಳು. ಹಳೇ ಗೆಳೆಯರು ಯೂನಿಫಾರ್ಮಿನಲ್ಲಿ ಅಂಗಡಿ ಮುಂದೆ ಹಾದು ಹೋಗುವ ಕಡೆ ಮತ್ತೆ 'ನಾನು'. ಮೇಷ್ಟ್ರು ಗುರುತೇ ಇಲ್ಲದವರಂತೆ ಹೋಗುವ ಕಡೆ ಮತ್ತೆ 'ನನ್ನ'. ಕಠಿಣ ಪದಗಳಲ್ಲಿ ಒಮ್ಮೆಯೂ ಎಡವದವನು, ಅವಳು ಕಿಟಕಿ ಪಕ್ಕ ಟೀ ಹೀರುತ್ತಾ ಕಲ್ಪಿಸಿಕೊಂಡ ನೋವಿನಲ್ಲೆಲ್ಲ ಎಡವಿದ್ದ.

ಗಾಬರಿಯಿಂದ ಅಕ್ಕನಿಗೆ ಫೋನ್ ಮಾಡಿದಳು.

ಈ ಪುಸ್ತಕ ನನಗೇ ಬೇಕೆಂದು ಅವನೇ ಕೇಳಿ ತೆಗೆದುಕೊಂಡನಂತೆ. ಅಕ್ಕ ಅವನಾಡಿದ ಮಾತನ್ನು ಹಾಗೇ ಹೇಳಿದಳು. "ಇದನ್ನ ಬರೆದೋರು ಎದುರಿಗೆ ಸಿಕ್ಕಿದ್ರೆ ನಾನು ಏನೂ ವಿವರಿಸಬೇಕಾಗಿಲ್ಲ, ನೋಡಿದ ತಕ್ಷಣ ಅರ್ಥ ಮಾಡ್ಕೋತಾರೆ ಅಂದಿದ್ದ ಕಣಮ್ಮ."

ಎದುರಿಗೆ ಸಿಕ್ಕಿದ್ದಳು. ಎಷ್ಟನೇ ಕ್ಲಾಸು ಎಂದು ಕೇಳಿದ್ದಳು.

ಮರುದಿನ ಸ್ಟುಡಿಯೋದ ಅದೇ ಕೋಣೆಯಲ್ಲಿ, ಪ್ರಕಾಶಕರ ಮುಂದೆಯೇ ಕ್ಷಮೆ ಕೇಳಿದಳು. ಅವನು, "ಸರಿ ಮೇಡಂ" ಎಂದು ಹೆಡ್‌ಫೋನ್ ಏರಿಸಿಕೊಂಡ. ಬೈದಿದ್ದರೆ ಹಗುರಾಗುತ್ತಿತ್ತು. ಆ 'ಸರಿ' ಕಪಾಳಕ್ಕೆ ಬಿದ್ದಂತಿತ್ತು.

ಅವಳು ಮಾತ್ರ ಬರುವುದು ಬಿಡಲಿಲ್ಲ. ದಿನಾ ಗಾಜಿನ ಈಚೆ ಕೂತಳು. ಮೊದಮೊದಲು ಅವನು ಕಣ್ಣೆತ್ತಲಿಲ್ಲ. ಆಮೇಲೊಂದು ದಿನ, ಟಯರ್ ಅಂಗಡಿಯಲ್ಲಿ ಯಾರೂ ನಿಮ್ಮ ಪುಸ್ತಕದಲ್ಲಿರುವಷ್ಟು ಮರ್ಯಾದೆಯಾಗಿ ಬೈಯುವುದಿಲ್ಲವೆಂದು ಮೈಕಿನಲ್ಲೇ ಕಾಲೆಳೆದ. ಹಾಗಾದರೆ ಹೇಗೆ ಬೈತಾರೆಂದು ಅವಳು ಕೇಳಿದಳು. ಅವನು ಬೈದು ತೋರಿಸಿದ. ಅಕ್ಕ ಕಿವಿ ಮುಚ್ಚಿಕೊಂಡಳು, ಲೇಖಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಂದಿನಿಂದ ಮನೆಯಲ್ಲಿ ಬರೆಯಲು ಕೂತರೆ, ಪ್ರತಿ ಸಾಲೂ ಅವನ ದನಿಯಲ್ಲೇ ಕೇಳುತ್ತಿತ್ತು. ಅವನು ಕೆಮ್ಮಿದರೆ ತನ್ನ ಗಂಟಲು ನೋಯುತ್ತಿತ್ತು. ಇದೇನಾಗ್ತಿದೆ ನನಗೆ... ಪ್ರೇಮದಲ್ಲಿ ಸಿಲುಕಿದವರ ಬಗ್ಗೆ ನೂರಾರು ಪುಟ ಬರೆದವಳಿಗೆ ತನ್ನ ಸರದಿ ಬಂದದ್ದೇ ತಿಳಿಯಲಿಲ್ಲ.

ಕೊನೆಯ ಅಧ್ಯಾಯ ಮುಗಿಯಿತು. ಅವನು ಅಕ್ಕನಿಗೆ ಹೋಗಿ ಬರ್ತೀನಿ ಎಂದ. ಲೇಖಕಿಗೆ ತಲೆ ಆಡಿಸಿದ. ಹೊರಟೇಬಿಟ್ಟ.

ಅವಳು ಮೆಟ್ಟಿಲಿಳಿದು ಓಡಿದಳು. ಸಂಜೆಯ ಬೀದಿ, ಅಂಗಡಿಗಳ ಮುಂದೆ ಜನ. ಕೂಗಿ ನಿಲ್ಲಿಸಿ, ಉಸಿರು ಸಿಕ್ಕಿದಷ್ಟರಲ್ಲಿ ಹೇಳಿದಳು. "ನೀವು ಮಾತು ನಿಲ್ಲಿಸಿದ ಮೇಲೂ ನಾನು ಕೇಳಿಸಿಕೊಳ್ತಾನೇ ಇರ್ತೀನಿ."

ಅವನು ತಿರುಗಿ ನೋಡಿದ. ಕೋಪವಿರಲಿಲ್ಲ. ನೋವಿತ್ತು.

"ಅದು ಹನ್ನೊಂದನೇ ಅಧ್ಯಾಯ. ಆ ಹುಡುಗಿ ಬಸ್ಸಿನ ಕಿಟಕಿಯಿಂದ ಹೇಳ್ತಾಳೆ."

ಲೇಖಕಿ ಸಿಡಿಲು ಬಡಿದಂತೆ ನಿಂತಳು. ಅಯ್ಯೋ... ನಿಜವಾಗಿಯೂ ತನ್ನದೇ ಸಾಲು! ಎದೆಯಿಂದ ಬಂತೆಂದುಕೊಂಡದ್ದು ಪುಸ್ತಕದಿಂದ ಬಂದಿತ್ತು. ಅದೂ ಅದನ್ನು ಓದಿ ಓದಿ ಗಂಟಲು ಕಟ್ಟಿಸಿಕೊಂಡವನ ಮುಂದೆ!

"ಪುಸ್ತಕದಲ್ಲಿ ಒಂದ್ಸಲ ನಿಮ್ಮನ್ನ ನಂಬಿದೆ," ಎಂದ ಅವನು. 'ಮೇಡಂ' ಎನ್ನಲಿಲ್ಲ. "ನಿಮ್ಮದು ಅಂತ ಏನಾದ್ರೂ ಇದ್ರೆ ಹೇಳಿ."

ಬಾಯಿ ತೆರೆದಳು. ಒಂದೂ ಒಳ್ಳೆಯ ವಾಕ್ಯ ಬರಲಿಲ್ಲ. ಕಣ್ಣು ತುಂಬಿತು, ಮೂಗು ಸೋರಿತು, ಹೂವಿನಂಗಡಿಯವಳು ಕೆಲಸ ಬಿಟ್ಟು ನೋಡತೊಡಗಿದಳು.

"ನಂಗೆ... ಹೇಳಕ್ಕೆ ಬರ್ತಿಲ್ಲ. ನೀವು ಹೋಗಿಬಿಟ್ರೆ ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ಬೇಕೋ ಗೊತ್ತಿಲ್ಲ. ನಿಮ್ ಜೊತೆ ಬರ್ಲಾ?"

ಅವನು ಅವಳ ಮುಖವನ್ನೇ ನೋಡಿದ. ಈ ಮಾತು ಯಾವ ಪುಟದಲ್ಲೂ ಇರಲಿಲ್ಲ.

ತಿರುಗಿ ನಡೆದ. ನಿಧಾನವಾಗಿ, ಫುಟ್‌ಪಾತಿನ ರಸ್ತೆ ಬದಿಯ ಅಂಚಿಗೆ ಸರಿದು, ಒಳಬದಿಯಲ್ಲಿ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು.