ನಲವತ್ತನೇ ನಿಮಿಷದ ಆಚೆ

ಇಂಗ್ಲಿಷ್ ಕಲಿಸುವ ಹದಿನಾಲ್ಕು ಮಂದಿಯ ಗುಂಪು ಅದು. ಬೇರೆ ಬೇರೆ ಶಾಲೆಯವರು. ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಒಂದು ಶಾಲೆಯ ಲೈಬ್ರರಿಯಲ್ಲಿ ಸೇರುತ್ತಿದ್ದರು. ಯಾವ ಮೇಲಧಿಕಾರಿಯ ಆದೇಶವೂ ಇರಲಿಲ್ಲ. ತಮ್ಮ ಪಾಠ ಇನ್ನಷ್ಟು ಚೆನ್ನಾಗಬೇಕೆಂಬ ಆಸೆಯೊಂದೇ ಅವರನ್ನು ಕರೆತರುತ್ತಿತ್ತು. ಆದ್ದರಿಂದ ದೇವರ ಮುಂದೆ ಕೂರುವಷ್ಟೇ ಶ್ರದ್ಧೆಯಿಂದ ಕೂರುತ್ತಿದ್ದರು.

ಅವರ ಪದ್ಧತಿ ಹೀಗೆ. ಪ್ರತಿಯೊಬ್ಬರೂ ತಮ್ಮದೊಂದು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಜೊತೆಗಾರರಿಗೆ ಕಳಿಸಬೇಕು. ಅವರು ಪೂರ್ತಿ ಕೇಳಿ, ಯಾವ ನಿಮಿಷದಲ್ಲಿ ಏನಾಯಿತೆಂದು ಹಾಳೆಯಲ್ಲಿ ಬರೆದು ತರಬೇಕು. ಆಮೇಲೆ ಎದುರುಬದುರು ಕೂತು ಮಾತು. ಗುಂಪು ಕಟ್ಟಿದ ದೊಡ್ಡ ಮೇಡಂ ಇದಕ್ಕೊಂದು ನಿಯಮವನ್ನೂ ಹಾಕಿದ್ದರು.

"ಪಾಠ ಯಾರದೋ ಅವರೇ ಮೊದಲು ಬಾಯಿ ಬಿಡಬೇಕು. ಅವರು ಎತ್ತದ ವಿಷಯಾನ ಕೇಳಿದವರು ಎತ್ತಬಾರದು. ಹಾಳೆ ಮಡಚಿ ಜೇಬಲ್ಲಿರಲಿ. ಇನ್ನೊಬ್ಬರ ಕ್ಲಾಸಿಗೆ ಕಿವಿ ಕೊಡೋದು ಅಂದ್ರೆ ಅವರ ಮರ್ಯಾದೆ ಕೈಲಿ ಹಿಡ್ಕೊಂಡ ಹಾಗೆ."

ಗುಂಪಿನಲ್ಲಿದ್ದ ಮದುವೆಯಾಗದ ಒಬ್ಬ ಮೇಡಂಗೆ ಜೊತೆಗಾರನಾಗಿ ಸಿಕ್ಕವನು ಗಡಿಯಾರದ ಮೇಷ್ಟ್ರು. ನಿಮಿಷದ ಜೊತೆ ಸೆಕೆಂಡನ್ನೂ ಬರೆಯುತ್ತಿದ್ದುದರಿಂದ ಆ ಹೆಸರು. ಅವಳ ದನಿಯೋ ಬಹಳ ಮೆತ್ತಗೆ. ಗುಂಪಿನವರು ಅವಳನ್ನು ಪಿಸುಮಾತಿನ ಮೇಡಂ ಎನ್ನುತ್ತಿದ್ದರು.

"ನಿಮ್ಮ ಪಾಠ ಕೇಳೋಕೆ ಮನೇಲಿ ಫ್ಯಾನ್ ಆಫ್ ಮಾಡ್ಬೇಕು ಮೇಡಂ," ಎಂದಿದ್ದ ಒಮ್ಮೆ.

"ಸೆಕೆ ಆಗಲ್ವಾ ಸರ್?"

"ಆಗುತ್ತೆ. ಆದ್ರೂ ಎರಡು ಸಲ ಕೇಳ್ತೀನಿ."

ಹಾಗೆಂದವನು ತಲೆಯೆತ್ತಲಿಲ್ಲ. ಆದರೆ ಹಾಳೆ ಹಿಡಿದ ಬೆರಳು ಅಂಚನ್ನು ಸುಮ್ಮನೆ ಸುರುಳಿ ಸುತ್ತುತ್ತಿತ್ತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಆ ದಿನ ಉಳಿದ ಪಾಠದ ಬಗ್ಗೆ ಇಬ್ಬರೂ ಏನು ಮಾತಾಡಿದರೆಂಬುದು ಇಬ್ಬರಿಗೂ ನೆನಪಿಲ್ಲ.

ಹೀಗೆ ಎರಡು ವರ್ಷ. ಅವಳಿಗೆ ಮೂವತ್ತನಾಲ್ಕು ತುಂಬಿತು.

ಒಂದು ಬುಧವಾರ ಆರನೇ ಕ್ಲಾಸಿನ ಪಾಠ ಮುಗಿದು ಗಂಟೆ ಹೊಡೆಯಿತು. ಮಕ್ಕಳ ಗಲಾಟೆಯಲ್ಲಿ ಅವಳು ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಫೋನನ್ನು ಪುಸ್ತಕಗಳ ಮೇಲಿಟ್ಟುಕೊಂಡೇ ಸ್ಟಾಫ್ ರೂಮಿಗೆ ಬಂದಳು. ಅಲ್ಲಿ ಲೆಕ್ಕದ ಮೇಡಂ ಕಾಯುತ್ತಿದ್ದರು.

"ಏನ್ರೀ, ಗಡಿಯಾರಕ್ಕೆ ಪಾಠ ಕಳಿಸೋ ದಿನ ಮಾತ್ರ ಇಸ್ತ್ರಿ ಬಟ್ಟೆನಾ? ಅದು ಬರೀ ಧ್ವನಿ ಕಣ್ರೀ, ಬಟ್ಟೆ ಕಾಣಲ್ಲ."

"ಸುಮ್ನಿರ್ರೀ."

"ಅವರು ಹೇಳಲ್ಲ, ನೀವು ಕೇಳಲ್ಲ. ಇಬ್ಬರೂ ಮುದುಕರಾದ ಮೇಲೆ ಒಂದೇ ಊರುಗೋಲು ಹಿಡ್ಕೊಂಡು ಓಡಾಡ್ತೀರಾ?"

ಅವಳು ನಕ್ಕಳು. ಆಮೇಲೆ ನಗು ಇಳಿಯಿತು. "ಅತ್ತಿಗೆ ಒಂದು ಗಂಡು ನೋಡಿದ್ದಾರೆ. ತಿಂಗಳ ಕೊನೆಗೆ ಏನಾದ್ರೊಂದು ಹೇಳ್ಬೇಕಂತೆ. ಈ ಮನುಷ್ಯ ಒಂದೇ ಒಂದು ಮಾತು ಕೇಳಿದ್ರೆ ಸಾಕು, ಅತ್ತಿಗೆಗೆ ಬೇಡ ಅಂದ್ಬಿಡ್ತೀನಿ. ಎರಡು ವರ್ಷದಿಂದ ನಾನು ಪಾಠ ಮಾಡ್ತಿರೋದೇ ಅವರಿಗೆ ಕೇಳ್ಲಿ ಅಂತ."

ಸಂಜೆ ಆ ರೆಕಾರ್ಡಿಂಗನ್ನು ಹಾಗೇ ಅವನಿಗೆ ಕಳಿಸಿಬಿಟ್ಟಳು. ಶುಕ್ರವಾರ ಯಾಕೋ ನೋಡುತ್ತಾಳೆ, ನಲವತ್ತು ನಿಮಿಷದ ಪಾಠ ಐವತ್ತೆರಡು ನಿಮಿಷ ಓಡಿದೆ. ಸ್ಟಾಫ್ ರೂಮಿನ ಮಾತೆಲ್ಲ ಅದರೊಳಗಿತ್ತು. ಹಾಸಿಗೆಯ ಅಂಚಿನಲ್ಲಿ ಬಹಳ ಹೊತ್ತು ಕೂತಳು. ಬರಬರುತ್ತಾ ನಾಚಿಕೆ ಕರಗಿ, ಎದೆ ಹಗುರಾಯಿತು. ನನ್ನ ಬಾಯಿಂದ ಬರಲಾರದ್ದನ್ನು ಭಗವಂತನೇ ದಾಟಿಸಿದ, ಅವನಿಗೆ ಕೈಮುಗಿದೆ, ಎಂದುಕೊಂಡಳು.

ಶನಿವಾರ ಅವಳು ತನ್ನ ಪಾಠದ ಬಗ್ಗೆ ಹೇಳಿ ಮುಗಿಸಿದ ಮೇಲೆ ಅವನು ಹಾಳೆ ಬಿಚ್ಚಿಟ್ಟ. ಏಳನೇ ನಿಮಿಷ: ಪ್ರಶ್ನೆ ಕೇಳಿ ಕಾದಿದ್ದು ಒಳ್ಳೆಯದಾಯಿತು. ಇಪ್ಪತ್ತೆರಡು: ಹಿಂದಿನ ಸಾಲಿನವರ ದನಿಯೇ ಇಲ್ಲ. ಮೂವತ್ತೊಂಬತ್ತು: ಮಕ್ಕಳು ಇನ್ನೊಂದು ಕಥೆ ಕೇಳುತ್ತಿದ್ದಾರೆ. ಅಲ್ಲಿಗೆ ಮುಗಿದಿತ್ತು. ಕೆಳಗೆ ಅರ್ಧ ಹಾಳೆ ಖಾಲಿ.

"ಇಷ್ಟೇನಾ ಸರ್?"

ಅವನ ಕೈ ಅಂಗಿಯ ಜೇಬನ್ನು ಮುಟ್ಟಿ ಹಿಂದೆ ಬಂತು. "ನೀವು ಬೇರೆ ಏನಾದ್ರೂ ಎತ್ತಬೇಕು ಅಂತಿದ್ದೀರಾ ಮೇಡಂ?"

ಪಕ್ಕದ ಮೇಜಿನಲ್ಲಿ ನಾಲ್ಕು ಮಂದಿ ಕೂತಿದ್ದರು. ಅವಳು ಅವರ ಕಡೆ ನೋಡಿದಳು. "ಇಲ್ಲ," ಎಂದುಬಿಟ್ಟಳು.

ಅವನು ಪೂರ್ತಿ ಕೇಳಿಲ್ಲವೇ? ಸೆಕೆಂಡನ್ನೂ ಬಿಡದವನು ಹನ್ನೆರಡು ನಿಮಿಷ ಬಿಟ್ಟಾನೆಯೇ? ಕೇಳಿಯೂ ಸುಮ್ಮನಿದ್ದಾನೆಂದರೆ ಅದೇ ಉತ್ತರ. ಮರ್ಯಾದೆಯಿಂದ ಬೇಡ ಎಂದಿದ್ದಾನೆ. ಆದರೂ ತಿಂಗಳು ಮುಗಿಯುವವರೆಗೆ ಫೋನ್ ಸದ್ದಾದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಒಂದು ಸಲ ಅವನದೇ ಸಂದೇಶ. ಮುಂದಿನ ಸಭೆಗೆ ಬಣ್ಣದ ಕಾಗದ ತರಬೇಕಂತೆ.

ಕೊನೆಯ ದಿನ ಅತ್ತಿಗೆ ಬಟ್ಟೆ ಮಡಚುತ್ತಾ ಕೇಳಿದರು, "ಏನಮ್ಮಾ, ಏನು ಹೇಳ್ಲಿ ಅವರಿಗೆ?"

"ಹೂಂ ಅನ್ನಿ."

"ಮುಖ ಯಾಕೆ ಹೀಗಿದೆ?"

"ತಲೆನೋವು ಅತ್ತಿಗೆ."

ಮುಂದಿನ ಶನಿವಾರ ದೊಡ್ಡ ಮೇಡಂ ಎಲ್ಲರ ಮುಂದೆ ಅವಳ ಮದುವೆಯ ಸುದ್ದಿ ಹೇಳಿದರು. ಚಪ್ಪಾಳೆ ಬಿತ್ತು. ಗಡಿಯಾರದ ಮೇಷ್ಟ್ರೂ ತಟ್ಟಿದ. ಎಲ್ಲರೂ ಹೊರಟ ಮೇಲೆ ಅವನು ಕುರ್ಚಿ ಸರಿಸುವ ನೆಪದಲ್ಲಿ ಹಿಂದುಳಿದು, ಜೇಬಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. ಮಡಿಕೆಗಳು ಸವೆದು ಹರಿಯುವಂತಾಗಿದ್ದವು.

'ನಲವತ್ತೇಳನೇ ನಿಮಿಷ, ಹದಿನೈದನೇ ಸೆಕೆಂಡು. ಇದನ್ನು ಹನ್ನೊಂದು ಸಲ ಕೇಳಿದೆ. ನನ್ನ ಮಾತೂ ಇದೇ.' ಕೆಳಗೆ ಅವಳು ಪಾಠ ಕಳಿಸಿದ ಮರುದಿನದ, ಗುರುವಾರದ ತಾರೀಖು.

ಅವಳು ಎರಡು ಸಲ ಓದಿದಳು. ಅಕ್ಷರಗಳು ಮಂಜಾದವು.

"ಯಾಕೆ ಕೊಡ್ಲಿಲ್ಲ ಸರ್?"

"ನೀವು ಎತ್ತಲಿಲ್ಲ ಮೇಡಂ. ಅದು ಕಣ್ತಪ್ಪಿ ಬಂದಿದ್ದು ಅಂತ ಗೊತ್ತಾಯ್ತು. ನಿಯಮ ಇದೆಯಲ್ಲ. ನೀವೇ ಮಾತಾಡ್ಲಿ ಅಂತ ಕಾದೆ."

"ತಿಂಗಳ ಕೊನೆ ಅಂತಾನೂ ಅದರಲ್ಲೇ ಇತ್ತು. ಅದನ್ನೂ ಹನ್ನೊಂದು ಸಲ ಕೇಳಿರ್ತೀರಿ."

ಅವನು ಸರಿಸಿದ ಕುರ್ಚಿಯನ್ನೇ ಮತ್ತೆ ಸರಿಸಿದ.

"ಇವತ್ತು ಯಾಕೆ ಕೊಟ್ರಿ?"

"ನಿಮಗೆ ಗೊತ್ತಿರ್ಲಿ ಅಂತ."

"ಈ ಹಾಳೆ ಯಾರದು?"

"ನಂದು."

"ಹಾಗಾದ್ರೆ ಈಗ ನೀವು ಮೊದಲು ಬಾಯಿ ಬಿಡ್ಬೇಕು. ನಾನು ಕಾಯ್ತೀನಿ." ಅವಳು ಕುರ್ಚಿ ಎಳೆದು ಕೂತಳು. ಪಿಸುಮಾತಿನ ದನಿ ಅಂದು ಆ ಕೋಣೆಯನ್ನೆಲ್ಲ ತುಂಬಿತು. "ಮನೇಲಿ ಹೂಂ ಅಂದಿದ್ದೀನಿ ಅಷ್ಟೇ. ಉಹೂಂ ಅನ್ನೋಕೂ ಇದೇ ಬಾಯಿ ಇದೆ."

ಅವನು ಗೋಡೆಯ ಗಡಿಯಾರ ನೋಡಿದ. ಡಸ್ಟರ್ ಎತ್ತಿಕೊಂಡು ಬೋರ್ಡ್ ಒರೆಸತೊಡಗಿದ. ಬೋರ್ಡಿನ ಮೇಲೆ ಏನೂ ಇರಲಿಲ್ಲ.

"ಎಲ್ರಿಗೂ ಹೇಳಿಯಾಗಿದೆಯಲ್ಲ ಮೇಡಂ," ಎಂದ ಬೋರ್ಡಿನ ಕಡೆಗೇ ಮುಖ ಮಾಡಿ. "ಈಗ ನಾನು ನಡುವೆ ಬಂದ್ರೆ… ಗುಂಪಿನಲ್ಲಿ ಒಂದು ಮಾತು ಬರುತ್ತೆ. ನಿಮ್ಮ ಹೆಸರು…"

ಆಗ ಅವಳಿಗೆ ಎಲ್ಲ ತಿಳಿಯಾಯಿತು, ಕದಡಿದ ನೀರು ನಿಧಾನವಾಗಿ ತಳ ತೋರಿಸಿದ ಹಾಗೆ. ಅವಳು ಹೂಂ ಎಂದಿದ್ದರಿಂದಲೇ ಆ ಹಾಳೆ ಜೇಬಿನಿಂದ ಹೊರಬಂದಿತ್ತು. ಇಲ್ಲದಿದ್ದರೆ ಅಲ್ಲೇ ಸವೆದು ಪುಡಿಯಾಗುತ್ತಿತ್ತು.

ಅವಳು ಎದ್ದು ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿ ಅವನ ಜೇಬಿಗೆ ಹಾಕಿದಳು. ಎರಡು ವರ್ಷದಲ್ಲಿ ಅವಳ ಬೆರಳು ಅವನನ್ನು ತಾಕಿದ್ದು ಅದೊಂದೇ ಸಲ. ಬಟ್ಟೆಯ ಹಿಂದೆ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಇದು ಇಲ್ಲೇ ಚೆನ್ನಾಗಿತ್ತು ಸರ್," ಎಂದು ಬಾಗಿಲು ದಾಟಿದಳು.

ಅವನು ಕರೆಯಲಿಲ್ಲ. ಮೆಟ್ಟಿಲಿಳಿದು ಗೇಟು ಮುಟ್ಟುವವರೆಗೂ ಅವಳ ಕಿವಿ ಹಿಂದೆಯೇ ಇತ್ತು. ಮೆಟ್ಟಿಲಿನವರೆಗೆ ಡಸ್ಟರಿನ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಸಂಜೆ ಅತ್ತಿಗೆ, "ದಿನ ಗೊತ್ತುಮಾಡೋಣ್ವಾ?" ಎಂದರು. "ಮಾಡಿ," ಎಂದಳು. ದೇವರಿಗೆ ದೀಪ ಹಚ್ಚಿ ಕೂತಳು. ಏನು ಬೇಡಬೇಕೆಂದು ತೋಚಲಿಲ್ಲ.

ಬುಧವಾರ ಎಂದಿನಂತೆ ಪಾಠ ರೆಕಾರ್ಡ್ ಮಾಡಿ ದೊಡ್ಡ ಮೇಡಂಗೆ ಕಳಿಸಿದಳು. ಜೊತೆಗಾರರನ್ನು ಬದಲಿಸಿ ಎಂದು ಕೇಳಿಕೊಂಡಿದ್ದಳು. ಅವರು ಕಾರಣ ಕೇಳಿರಲಿಲ್ಲ. ಪಾಠ ಸರಿಯಾಗಿ ನಲವತ್ತನೇ ನಿಮಿಷಕ್ಕೆ ನಿಂತಿತ್ತು. ಗಂಟೆ ಹೊಡೆಯುವ ಮೊದಲೇ.